ಮೊದಲು ಪಕ್ಕೆಲುಬು ಎಣಿಸಿ, ಆಮೇಲೆ ಗುಂಡಿ ಒತ್ತಿ

ಇಸಿಜಿ ಕಲಿಯಲು ಬರುವ ಹುಡುಗ ಹುಡುಗಿಯರೆಲ್ಲ ಮೊದಲ ದಿನವೇ ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ಹಾರ್ಟ್ ಅಟ್ಯಾಕ್ ಆದರೆ ಪಟ್ಟಿಯಲ್ಲಿ ಹೇಗೆ ಕಾಣುತ್ತದೆ?’ ಮೊದಲ ವಾರ ನಾನು ಇದಕ್ಕೆ ಉತ್ತರ ಹೇಳುವುದಿಲ್ಲ. ‘ನಿಮ್ಮದೇ ಎದೆಯ ಮೇಲೆ ಬೆರಳಿಟ್ಟು ನಾಲ್ಕನೆಯ ಪಕ್ಕೆ ಸಂದು ಎಲ್ಲಿದೆ ತೋರಿಸಿ’ ಎನ್ನುತ್ತೇನೆ. ಹೆಚ್ಚಿನವರ ಬೆರಳು ಎರಡನೆಯ ಸಂದಿಗೇ ನಿಂತುಬಿಡುತ್ತದೆ. ಅಲ್ಲಿಂದ ಪಾಠ ಶುರು.

ನಾನು ಇಂಡಿ ತಾಲ್ಲೂಕಿನವಳು. ಮದುವೆಯಾಗಿ ಪುಣೆಗೆ ಬಂದೆ. ಹಡಪಸರದ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುತ್ತ, ಹೊಸಬರಿಗೆ ಕಲಿಸುತ್ತ ಇದ್ದೇನೆ. ಹಡಪಸರವೆಂದರೆ ಸೋಲಾಪುರ ರಸ್ತೆಯ ಮೇಲೆ ಪುಣೆಯ ಹೆಬ್ಬಾಗಿಲು. ವಿಜಯಪುರ, ಕಲಬುರಗಿ, ಅಕ್ಕಲಕೋಟೆ ಕಡೆಯ ಬಸ್ಸುಗಳು ಊರು ಹೊಗುವುದು ಇದೇ ದಾರಿಯಿಂದ. ಒಂದು ಕಡೆ ಮಗರಪಟ್ಟಾದ ಐಟಿ ಕಟ್ಟಡಗಳು, ಇನ್ನೊಂದು ಕಡೆ ಕಾರ್ಖಾನೆಗಳು, ಆಚೆಗೆ ಮಾಂಜರಿಯ ಹೊಲಗಳು. ಹೀಗಾಗಿ ನಮ್ಮ ಮಂಚದ ಮೇಲೆ ಲ್ಯಾಪ್‌ಟಾಪ್ ಚೀಲ ತಲೆದೆಸೆಗಿಟ್ಟುಕೊಂಡ ಇಂಜಿನಿಯರೂ ಮಲಗುತ್ತಾನೆ, ಕಟ್ಟಡದ ಕೆಲಸಕ್ಕೆ ಬಂದ ಆಳಂದದ ಗೌಂಡಿಯೂ ಮಲಗುತ್ತಾನೆ. ಆಷಾಢ ವಾರಿ ಪಾದಯಾತ್ರೆಯ ಹೊತ್ತಿಗೆ ಜ್ಞಾನೇಶ್ವರ ಮಹಾರಾಜರ ಮತ್ತು ತುಕಾರಾಮ ಮಹಾರಾಜರ ಪಾಲಖಿಗಳು ಹಡಪಸರದವರೆಗೆ ಬಂದು ಇಲ್ಲಿಂದ ಬೇರೆಯಾಗುತ್ತವೆ. ಒಂದು ದಿವೆ ಘಾಟ್ ಹತ್ತಿ ಸಾಸವಡಕ್ಕೆ, ಇನ್ನೊಂದು ಲೋಣಿ ಕಾಳಭೋರಕ್ಕೆ. ಆ ದಿನಗಳಲ್ಲಿ ಧೂಳು, ಬೆವರು ಮೆತ್ತಿದ ಎದೆಗಳನ್ನು ಒರೆಸುವುದೇ ಅರ್ಧ ಕೆಲಸ.

ಯಾರೇ ಮಲಗಲಿ, ಯಂತ್ರ ಬರೆಯುವುದು ಮೈಯೊಳಗಿನ ಸಣ್ಣ ವಿದ್ಯುತ್ತನ್ನು. ಆ ಬರಹ ನಿಜವೋ ಸುಳ್ಳೋ ಎಂಬುದು ಅರ್ಧಕ್ಕರ್ಧ ತಂತ್ರಜ್ಞರ ಬೆರಳುಗಳ ಮೇಲಿದೆ. ಅದಕ್ಕೇ ನಾನು ಓದುವುದಕ್ಕಿಂತ ಮೊದಲು ಇಡುವುದನ್ನು ಕಲಿಸುತ್ತೇನೆ.

ಬಕೆಟ್ಟಿನಿಂದ ಕ್ಲಾಂಪಿಗೆ

ಹೃದಯದ ಬಲ ಮೇಲ್ಗೋಣೆಯಲ್ಲಿ ಒಂದು ಸಣ್ಣ ಗಂಟಿದೆ. ಪ್ರತಿ ಬಡಿತಕ್ಕೂ ವಿದ್ಯುತ್ ಸಂಜ್ಞೆ ಹೊರಡುವುದು ಅಲ್ಲಿಂದ. ಅದು ಮೇಲ್ಗೋಣೆಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ತುಸು ತಡೆದು, ಕೆಳಗೋಣೆಗಳಿಗೆ ಇಳಿಯುತ್ತದೆ. ಚರ್ಮದ ಮೇಲೆ ಅದರ ಬಲ ಒಂದು ಮಿಲಿವೋಲ್ಟಿನ ಆಸುಪಾಸು. ಇದನ್ನು ಮನುಷ್ಯನ ಮೈ ಮೇಲಿಂದ ಮೊದಲು ದಾಖಲಿಸಿದವನು ಲಂಡನ್ನಿನ ಆಗಸ್ಟಸ್ ವಾಲರ್, 1887ರಲ್ಲಿ. ವೈದ್ಯರ ಕೈಗೆ ಉಪಯೋಗಕ್ಕೆ ಬರುವಂತೆ ಮಾಡಿದವನು ನೆದರ್ಲೆಂಡ್ಸಿನ ಲೈಡನ್ ಊರಿನ ವಿಲೆಮ್ ಐಂಥೋವನ್. 1900ರ ದಶಕದ ಆರಂಭದಲ್ಲಿ ಅವನು ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವನೂ ಅವನೇ. 1924ರಲ್ಲಿ ಅವನಿಗೆ ನೊಬೆಲ್ ಬಂತು.

ಇಂದು ನಾವು ಕೈಕಾಲಿಗೆ ಕ್ಲಾಂಪ್ ಸಿಕ್ಕಿಸುವುದು ಆ ಪಾತ್ರೆಗಳ ಜಾಗದಲ್ಲಿಯೇ. ಬಲಗಾಲಿನದು ಮಾತ್ರ ಅಲೆ ಬರೆಯಲು ಅಲ್ಲ, ಗದ್ದಲ ತಗ್ಗಿಸಲು. ಆಮೇಲೆ 1930ರ ದಶಕದಲ್ಲಿ ಅಮೆರಿಕದ ಫ್ರಾಂಕ್ ವಿಲ್ಸನ್ ಎದೆಯ ಲೀಡುಗಳನ್ನು ತಂದ, 1942ರಲ್ಲಿ ಇಮ್ಯಾನ್ಯುಯೆಲ್ ಗೋಲ್ಡ್‌ಬರ್ಗರ್ ಎವಿಆರ್, ಎವಿಎಲ್, ಎವಿಎಫ್ ಸೇರಿಸಿದ. ಹೀಗೆ ಐಂಥೋವನ್‌ನ ಲೀಡ್ 1, 2, 3 ಜೊತೆ ಸೇರಿ ಹನ್ನೆರಡು ಲೀಡು ಪೂರ್ತಿಯಾಯಿತು.

ಕಲಿಯುವವರಿಗೆ ಇಲ್ಲೊಂದು ಗೊಂದಲ: ‘ಮೈಗೆ ಅಂಟಿಸುವುದು ಹತ್ತು, ಲೀಡು ಹನ್ನೆರಡು, ಉಳಿದೆರಡು ಎಲ್ಲಿಂದ ಬಂತು?’ ಲೀಡು ಎಂದರೆ ತಂತಿ ಅಲ್ಲ, ನೋಟ. ನಮ್ಮೂರ ಜಾತ್ರೆಯಲ್ಲಿ ಒಂದೇ ತೇರನ್ನು ಹನ್ನೆರಡು ಮಾಳಿಗೆಗಳ ಮೇಲಿಂದ ನೋಡಿದಂತೆ. ತೇರು ನೋಡುವವರತ್ತ ಬರುತ್ತಿದ್ದರೆ ಒಂದು ಬಗೆ ಕಾಣುತ್ತದೆ, ಬೆನ್ನು ತಿರುಗಿಸಿ ಹೋಗುತ್ತಿದ್ದರೆ ಇನ್ನೊಂದು ಬಗೆ. ವಿದ್ಯುತ್ತು ಲೀಡಿನ ಕಡೆಗೆ ಬಂದರೆ ಗೆರೆ ಮೇಲಕ್ಕೇಳುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಬಲಭುಜದ ಕಡೆಯಿಂದ ನೋಡುವ ಎವಿಆರ್‌ನಲ್ಲಿ ಎಲ್ಲವೂ ತಲೆಕೆಳಗಾಗಿರುವುದೇ ಸರಿ, ಅದಕ್ಕೇ.

ಬೆರಳು ಎಲ್ಲಿಡಬೇಕು

ನಮ್ಮ ಯಂತ್ರಗಳಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ರಸ್ತೆಯ ಸಿಗ್ನಲ್ಲಿನ ಕ್ರಮದಲ್ಲೇ ಬಲಗೈಯಿಂದ ಹೊರಟು ಸುತ್ತಿ ಬಂದರೆ ಸಾಕು. ಆದರೆ ಅಮೆರಿಕದ ಪದ್ಧತಿಯ ಕೇಬಲ್ ಬಂದರೆ ಬಣ್ಣ ಬದಲು: ಬಲಗೈಗೆ ಬಿಳಿ, ಎಡಗೈಗೆ ಕಪ್ಪು, ಎಡಗಾಲಿಗೆ ಕೆಂಪು, ಬಲಗಾಲಿಗೆ ಹಸಿರು. ಅದಕ್ಕೇ ‘ಬಣ್ಣ ನಂಬಬೇಡಿ, ಕೇಬಲ್ ಮೇಲಿನ ಅಕ್ಷರ ಓದಿ’ ಎಂದು ಮೊದಲೇ ಹೇಳಿಬಿಡುತ್ತೇನೆ.

ಎದೆಯ ಆರು ಜಾಗ ಅಂದಾಜಿನಿಂದ ಸಿಗುವಂಥವಲ್ಲ. ಗಂಟಲ ಬುಡದ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳು ಕೆಳಗೆ ಜಾರಿಸಿ. ಸ್ವಲ್ಪ ದೂರದಲ್ಲೇ ಅಡ್ಡಲಾಗಿ ಒಂದು ಸಣ್ಣ ದಿಬ್ಬ ತಾಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು, ಅದರ ಕೆಳಗಿನದು ಎರಡನೆಯ ಸಂದು. ಅಲ್ಲಿಂದ ಮೂರು, ನಾಲ್ಕು ಎಂದು ಇಳಿಯಿರಿ. ನಾಲ್ಕನೆಯ ಸಂದಿನಲ್ಲಿ ಎದೆಮೂಳೆಯ ಬಲ ಅಂಚಿಗೆ ವಿ1, ಎಡ ಅಂಚಿಗೆ ವಿ2. ನಂತರ ವಿ3 ಬಿಟ್ಟು ವಿ4ಕ್ಕೆ ಹೋಗಬೇಕು. ಅದು ಐದನೆಯ ಸಂದು, ಎಡ ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ. ವಿ2, ವಿ4ರ ನಟ್ಟನಡುವೆ ವಿ3. ವಿ4ರ ಮಟ್ಟದಲ್ಲೇ ಅಡ್ಡಕ್ಕೆ ಸರಿದು ಕಂಕುಳ ಮುಂದಿನ ಗೆರೆಗೆ ವಿ5, ಕಂಕುಳ ನಡುವಿನ ಗೆರೆಗೆ ವಿ6. ವಿ5, ವಿ6 ಪಕ್ಕೆಲುಬಿನ ಓರೆ ಹಿಡಿದು ಮೇಲೇರಬಾರದು.

ಎರಡು ಸೆಂಟಿಮೀಟರ್ ಆಚೀಚೆಯಾದರೂ ಚಿತ್ರ ಬದಲಾಗಬಹುದು. ವಿ1, ವಿ2ವನ್ನು ಎರಡನೆಯ ಸಂದಿಗೆ ಇಟ್ಟರೆ, ಹೃದಯದ ಮುಂಗೋಡೆಗೆ ಹಿಂದೆಂದೋ ಆಘಾತವಾಗಿತ್ತೇನೋ ಎಂಬಂಥ ಗೆರೆ ಗಟ್ಟಿಮುಟ್ಟಾದವನ ಎದೆಯಿಂದಲೂ ಹೊರಡಬಹುದು. ಅವನು ಆ ಕಾಗದ ಹಿಡಿದು ಊರೆಲ್ಲ ಪರೀಕ್ಷೆ ಮಾಡಿಸುತ್ತ ಅಲೆಯಬೇಕು.

ಹೆಣ್ಣುಮಕ್ಕಳ ಇಸಿಜಿ ಕೆಡುವುದು ಹೆಚ್ಚಾಗಿ ನಾಚಿಕೆಯಿಂದ. ರೋಗಿಯ ನಾಚಿಕೆಗಿಂತ ತಂತ್ರಜ್ಞರದೇ ಜಾಸ್ತಿ. ಸ್ತನ ಎತ್ತಿ ಅದರ ಕೆಳಗೆ ವಿ4 ಇಡಬೇಕಾದಲ್ಲಿ ಮೇಲೆಯೇ ಎಲ್ಲೋ ಅಂಟಿಸಿ ಮುಗಿಸುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಹೆಣ್ಣುಮಗಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುತ್ತಿ ಕೊಳವೆ ಮಾಡಿಕೊಂಡಿದ್ದರಿಂದ ಸ್ಟೆತಾಸ್ಕೋಪ್ ಹುಟ್ಟಿತು. ಇಸಿಜಿಯಲ್ಲಿ ಅಂಥ ಅಡ್ಡದಾರಿ ಇಲ್ಲ. ಪರದೆ ಎಳೆಯಿರಿ, ಜೊತೆಗೆ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿಕೊಳ್ಳಿ, ಏನು ಮಾಡುತ್ತೀರಿ ಎಂದು ಮೊದಲೇ ಹೇಳಿ, ಕೈಯ ಹಿಂಬದಿಯಿಂದ ಸ್ತನ ಎತ್ತಿ, ಇಡಬೇಕಾದಲ್ಲೇ ಇಡಿ, ಮೇಲೆ ಬಟ್ಟೆ ಹೊದಿಸಿ. ಮಂಗಳಸೂತ್ರ ತೆಗೆಸಬೇಕೇ ಎಂದು ಹುಡುಗಿಯರು ಕೇಳುತ್ತಾರೆ. ಬೇಕಿಲ್ಲ. ಇಲೆಕ್ಟ್ರೋಡಿಗೆ ತಾಗದಂತೆ ಪಕ್ಕಕ್ಕೆ ಸರಿಸಿದರೆ ಆಯಿತು.

ಬೆವರು, ಕೊಬ್ಬರಿಎಣ್ಣೆ ಇದ್ದರೆ ಸ್ಪಿರಿಟ್ ಹತ್ತಿಯಿಂದ ಒರೆಸಬೇಕು. ಕೂದಲು ದಟ್ಟವಾಗಿದ್ದರೆ ಕೇಳಿ ಅಷ್ಟೇ ಜಾಗ ಬೋಳಿಸಬೇಕು. ರಬ್ಬರ್ ಬಲ್ಬ್ ಬಳಸುವಲ್ಲಿ ಜೆಲ್ ಒಂದೊಂದು ಚುಕ್ಕೆಯಷ್ಟೇ ಹಚ್ಚಬೇಕು. ಎದೆ ತುಂಬ ಮೆತ್ತಿ ಒಂದರ ಜೆಲ್ ಇನ್ನೊಂದಕ್ಕೆ ಕೂಡಿಕೊಂಡರೆ ವಿ1ರಿಂದ ವಿ6ರವರೆಗೆ ಗೆರೆಗಳು ಒಂದರಂತೆ ಒಂದು ಕಾಣತೊಡಗುತ್ತವೆ.

‘ಕರೆಂಟ್ ಕೊಡ್ತೀರೇನ್ರಿ?’

ಹೆದರಿದ ಮೈ ನಡುಗುತ್ತದೆ, ನಡುಗಿದ ಸ್ನಾಯುವಿನ ವಿದ್ಯುತ್ತೂ ಕಾಗದದ ಮೇಲೆ ಬರುತ್ತದೆ. ಅಫಜಲಪುರ ಕಡೆಯ ವಯಸ್ಸಾದವರೊಬ್ಬರು, ಇಲ್ಲೊಂದು ಕಟ್ಟಡಕ್ಕೆ ವಾಚ್‌ಮನ್, ಕೈಕಾಲಿಗೆ ಕ್ಲಾಂಪ್ ಬೀಳುತ್ತಿದ್ದಂತೆ ಗಾಬರಿಯಾದರು. ನಮ್ಮ ಹುಡುಗ ಮರಾಠಿಯಲ್ಲಿ ‘ಹಲೂ ನಕಾ, ಕಾಕಾ’ ಎನ್ನುತ್ತಲೇ ಇದ್ದ. ಅಲುಗಬೇಡಿ ಎಂದಷ್ಟೂ ಅವರು ಬಿಗಿಯಾಗುತ್ತಿದ್ದರು. ಗೆರೆಯ ಮೇಲೆಲ್ಲ ಮುಳ್ಳು.

ನಾನು ಹತ್ತಿರ ಹೋದೆ. ‘ಯಾವೂರ್ರಿ ಕಾಕಾ?’

ಕನ್ನಡ ಕೇಳಿ ಕಣ್ಣು ತೆರೆದರು. ‘ಕರೆಂಟ್ ಕೊಡ್ತೀರೇನ್ರಿ ಅಕ್ಕಾರ?’

‘ಇಲ್ರಿ. ನಾವೇನೂ ಕೊಡಂಗಿಲ್ಲ. ನಿಮ್ಮ ಎದ್ಯಾಗಿನ ಕರೆಂಟ ನಾವು ಬರ್ಕೊಂತೀವಿ, ಅಷ್ಟ. ಕೈ ಸಡ್ಲ ಬಿಡ್ರಿ.’

ಹೆಗಲು ಇಳಿಯಿತು, ಗೆರೆ ಚೊಕ್ಕವಾಯಿತು. ‘ಅಲುಗಬೇಡಿ’ ಎನ್ನುವ ಬದಲು ‘ಕೈ ಸಡಿಲ ಬಿಡಿ’ ಎನ್ನಬೇಕು ಎಂದು ಹುಡುಗ ಅಂದೇ ಕಲಿತ. ಇದನ್ನು ಯಾವ ಫಿಲ್ಟರ್ ಗುಂಡಿಯೂ ಮಾಡಿಕೊಡದು. ಪಾರ್ಕಿನ್ಸನ್ ರೋಗಿಯ ಕೈನಡುಕವಂತೂ ಬಡಿತದ ದೊಡ್ಡ ದೋಷದಂತೆಯೇ ಕಂಡುಬಿಡುತ್ತದೆ. ಅಂಥವರಿಗೆ ಇಲೆಕ್ಟ್ರೋಡುಗಳನ್ನು ಮಣಿಕಟ್ಟು ಬಿಟ್ಟು ತೋಳಿನ ಮೇಲ್ಭಾಗಕ್ಕೆ ಒಯ್ದು, ಹಾಗೆಂದು ಕಾಗದದ ಮೇಲೆ ಬರೆಯಬೇಕು.

ಕೆಡುಕಿನ ಉಳಿದ ಬಗೆಗಳನ್ನೂ ಕಣ್ಣು ಗುರುತಿಸಬೇಕು. ಗೆರೆ ಒಂದೇ ಸಮನೆ ದಪ್ಪಗಾಗಿ ಸಣ್ಣ ಹಲ್ಲು ಮೂಡಿದ್ದರೆ ಅದು ಮನೆ ವಿದ್ಯುತ್ತಿನ 50 ಹರ್ಟ್ಸ್: ಮೊಬೈಲ್ ಚಾರ್ಜರ್ ತೆಗೆಯಿರಿ, ಕ್ಲಾಂಪ್ ಬಿಗಿಯಾಗಿದೆಯೇ ನೋಡಿ. ಇಡೀ ಗೆರೆ ಉಯ್ಯಾಲೆಯಾಡಿದರೆ ಉಸಿರಾಟ ಅಥವಾ ಒಣಗಿದ ಜೆಲ್. ಲೀಡ್ 1ರಲ್ಲಿ ಎಲ್ಲವೂ ತಲೆಕೆಳಗಾಗಿ, ಎವಿಆರ್‌ನಲ್ಲಿ ನೆಟ್ಟಗೆ ನಿಂತಿದ್ದರೆ ಮೊದಲು ಕೈಗಳ ಕ್ಲಾಂಪ್ ಅದಲುಬದಲಾಗಿದೆಯೇ ನೋಡಬೇಕು. ಹೃದಯ ನಿಜಕ್ಕೂ ಬಲಕ್ಕಿರುವವರೂ ಇದ್ದಾರೆ. ಅವರಲ್ಲಿ ವಿ1ರಿಂದ ವಿ6ಕ್ಕೆ ಹೋದಂತೆ ಆರ್ ಅಲೆ ಕುಗ್ಗುತ್ತದೆ, ಕ್ಲಾಂಪ್ ತಪ್ಪಿದಾಗ ಎಂದಿನಂತೆ ಬೆಳೆಯುತ್ತದೆ. ಇಷ್ಟು ನೋಡದೆ ಕಾಗದ ಹರಿದು ಕೊಡಬಾರದು.

ಚೌಕಗಳ ಲೆಕ್ಕ

ಓದಲು ಕೂತಾಗ ಕಣ್ಣು ಮೊದಲು ಹೋಗಬೇಕಾದದ್ದು ಅಲೆಗಳ ಕಡೆಗಲ್ಲ, ಅಂಚಿನ ಅಳತೆ ಗುರುತಿಗೆ. ಅದು ಹತ್ತು ಮಿಲಿಮೀಟರ್ ಎತ್ತರವಿದ್ದರೆ ಒಂದು ಮಿಲಿವೋಲ್ಟಿಗೆ ಹತ್ತು ಮಿಲಿಮೀಟರ್ ಎಂದರ್ಥ. ಯಾರೋ ಅರ್ಧಕ್ಕೆ ಇಳಿಸಿಟ್ಟು ಮರೆತಿದ್ದರೆ ಎಲ್ಲ ಅಲೆಗಳೂ ಕುಳ್ಳಾಗುತ್ತವೆ. ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್. ಆ ವೇಗದಲ್ಲಿ ಒಂದು ಸಣ್ಣ ಚೌಕ 0.04 ಸೆಕೆಂಡ್, ಐದು ಸಣ್ಣವು ಸೇರಿದ ದೊಡ್ಡ ಚೌಕ 0.20 ಸೆಕೆಂಡ್.

ಬಡಿತ ಎಣಿಸುವುದು ಸುಲಭ. ಒಂದು ಆರ್‌ನಿಂದ ಮುಂದಿನ ಆರ್‌ಗೆ ಎಷ್ಟು ದೊಡ್ಡ ಚೌಕಗಳಿವೆ ನೋಡಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕವಿದ್ದರೆ ನಿಮಿಷಕ್ಕೆ 75, ಮೂರಿದ್ದರೆ 100, ಐದಿದ್ದರೆ 60. ಬಡಿತ ಏರುಪೇರಾಗಿದ್ದರೆ ಈ ಲೆಕ್ಕ ನಡೆಯದು. ಹತ್ತು ಸೆಕೆಂಡಿನ ಉದ್ದ ಪಟ್ಟಿಯಲ್ಲಿ ಎಷ್ಟು ಬಡಿತವಿದೆ ಎಣಿಸಿ ಆರರಿಂದ ಗುಣಿಸಬೇಕು.

ಆಮೇಲೆ ಕ್ರಮ ತಪ್ಪದೆ ನೋಡಬೇಕು. ಪ್ರತಿ ಕ್ಯೂಆರ್‌ಎಸ್ ಮುಂದೆ ಒಂದು ಪಿ ಇದೆಯೇ? ಪಿ ಎಂದರೆ ಮೇಲ್ಗೋಣೆಗಳ ಸರದಿ, ಕ್ಯೂಆರ್‌ಎಸ್ ಕೆಳಗೋಣೆಗಳದು, ಟಿ ಎಂದರೆ ಕೆಳಗೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗುವ ಹೊತ್ತು. ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ ಮೂರರಿಂದ ಐದು ಸಣ್ಣ ಚೌಕ ಸಹಜ. ಅದಕ್ಕಿಂತ ಹೆಚ್ಚಾದರೆ ನಡುವಿನ ಗಂಟಿನಲ್ಲಿ ಸಂಜ್ಞೆ ತಡವಾಗುತ್ತಿದೆ. ಕ್ಯೂಆರ್‌ಎಸ್ ಮೂರು ಸಣ್ಣ ಚೌಕದೊಳಗೆ ಮುಗಿಯಬೇಕು. ಅಗಲವಾಗಿದ್ದರೆ ಕೆಳಗೋಣೆಯ ಒಂದು ಕವಲಿನಲ್ಲಿ ತಡೆ ಇರಬಹುದು, ಅಥವಾ ಬಡಿತ ಹುಟ್ಟುತ್ತಿರುವುದೇ ತಪ್ಪು ಜಾಗದಿಂದ ಇರಬಹುದು.

ತಡ ಮಾಡಬಾರದ ಕಾಗದ

ರೋಗ ಹೆಸರಿಸುವುದು ವೈದ್ಯರ ಕೆಲಸ. ಯಾವ ಕಾಗದ ಮೇಜಿನ ಮೇಲೆ ಇಟ್ಟು ಬರಬಹುದು, ಯಾವುದನ್ನು ಕೈಯಲ್ಲಿ ಹಿಡಿದು ಓಡಬೇಕು ಎಂಬುದು ನಮ್ಮ ಕೆಲಸ. ಎದೆನೋವಿನವರು ಬಾಗಿಲೊಳಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಿ ವೈದ್ಯರ ಕಣ್ಣಿಗೆ ಬೀಳಬೇಕು ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ.

ಕ್ಯೂಆರ್‌ಎಸ್ ಮುಗಿದು ಟಿ ಶುರುವಾಗುವ ನಡುವಿನ ತುಂಡು ಎಸ್‌ಟಿ. ಅದು ಅಕ್ಕಪಕ್ಕದ ಎರಡು ಲೀಡುಗಳಲ್ಲಿ ತಳಗೆರೆ ಬಿಟ್ಟು ಮೇಲೆದ್ದಿದ್ದರೆ ರಕ್ತನಾಳ ಪೂರ್ತಿ ಮುಚ್ಚಿರಬಹುದು. ಅಕ್ಕಪಕ್ಕ ಎಂದರೆ ಕಾಗದದ ಮೇಲಲ್ಲ, ಹೃದಯದ ಮೇಲೆ. ಲೀಡ್ 2, 3, ಎವಿಎಫ್ ಹೃದಯದ ತಳಭಾಗ ನೋಡುತ್ತವೆ. ವಿ1ರಿಂದ ವಿ4 ಮುಂಭಾಗ. ಲೀಡ್ 1, ಎವಿಎಲ್, ವಿ5, ವಿ6 ಎಡಬದಿ.

ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಕಾರ್ಖಾನೆ ಕೆಲಸಗಾರನೊಬ್ಬನಿಗೆ ಬೆವರು, ದವಡೆಯವರೆಗೆ ನೋವು. ಕಲಿಯುತ್ತಿದ್ದ ಹುಡುಗಿ ತೆಗೆದ ಇಸಿಜಿ ಚೊಕ್ಕವಾಗಿತ್ತು. ಯಂತ್ರವೂ ಮೇಲೆ ‘ನಾರ್ಮಲ್’ ಎಂದು ಅಚ್ಚೊತ್ತಿತ್ತು. ವೈದ್ಯರು ನೋಡಿ, ‘ನೋವು ಇದೆಯಲ್ಲ, ಸ್ವಲ್ಪ ಬಿಟ್ಟು ಮತ್ತೆ ತೆಗೆಯಿರಿ’ ಎಂದರು. ಎದೆಯ ಆರೂ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಸಿದೆ. ಜಾಗ ಬದಲಾದರೆ ಗೆರೆಯೂ ಬದಲಾಗುತ್ತದೆ, ಆಗ ವ್ಯತ್ಯಾಸ ಹೃದಯದ್ದೋ ನಮ್ಮದೋ ತಿಳಿಯದು. ಹದಿನೈದು ನಿಮಿಷಕ್ಕೆ ತೆಗೆದ ಎರಡನೆಯ ಕಾಗದದಲ್ಲಿ 2, 3, ಎವಿಎಫ್ ಮೂರರಲ್ಲೂ ಎಸ್‌ಟಿ ಎದ್ದಿತ್ತು. ಹುಡುಗಿ ನನಗೆ ತೋರಿಸಲೂ ನಿಲ್ಲಲಿಲ್ಲ, ವೈದ್ಯರ ಬಳಿಗೇ ಓಡಿದಳು. ವಾಪಸು ಬಂದವಳು ವಿ4ರ ಇಲೆಕ್ಟ್ರೋಡನ್ನು ಎದೆಯ ಬಲಬದಿಯ ಅದೇ ಜಾಗಕ್ಕೆ ಒಯ್ದು ಇನ್ನೊಂದು ಪಟ್ಟಿ ತೆಗೆದಳು, ಅದರ ಮೇಲೆ ‘ವಿ4 ಬಲ’ ಎಂದು ಬರೆದಳು. ತಳಭಾಗದ ಆಘಾತದಲ್ಲಿ ಬಲ ಕೆಳಗೋಣೆಯೂ ಸಿಕ್ಕಿದೆಯೇ ಎಂದು ತಿಳಿಯುವುದು ಅದರಿಂದ. ತಿಳಿದರೆ ಕೆಲವು ಔಷಧಿ ಕೊಡುವಾಗ ವೈದ್ಯರು ಎಚ್ಚರ ವಹಿಸುತ್ತಾರೆ.

ಇನ್ನೊಂದು ನಿಯಮ: ಗೆರೆ ನೇರವಾಗಿ ಮಲಗಿದರೆ, ಇಲ್ಲವೇ ಹುಚ್ಚೆದ್ದು ಕುಣಿದರೆ, ಕಾಗದ ಬಿಟ್ಟು ರೋಗಿಯ ಮುಖ ನೋಡಿ. ಮಾತಾಡುತ್ತಿದ್ದರೆ ಮೊದಲು ತಂತಿ ಪರೀಕ್ಷಿಸಿ. ಮಾತಿಲ್ಲದಿದ್ದರೆ ಕೂಗಿ ಜನ ಸೇರಿಸಿ.

ದೂರದ ಕಣ್ಣು, ಹತ್ತಿರದ ಕೈ

ಐಂಥೋವನ್ ಕಾಲದಲ್ಲೇ ಯಂತ್ರ ಆಸ್ಪತ್ರೆಗೆ ಹೋಗಲಾರದೆ, ಸುಮಾರು ಒಂದೂವರೆ ಕಿಲೋಮೀಟರ್ ದೂರದ ರೋಗಿಯ ಸಂಜ್ಞೆಯೇ ಟೆಲಿಫೋನ್ ತಂತಿಯಲ್ಲಿ ಪ್ರಯೋಗಾಲಯಕ್ಕೆ ಬರುತ್ತಿತ್ತು. ಇಂದು ನಮ್ಮ ನಾಡಿನಲ್ಲಿ ನಡೆಯುತ್ತಿರುವುದು ಅದರದೇ ಮುಂದುವರಿಕೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಟ್ಟಿಗಳಿಗೆ ಸಲಹೆ ನೀಡುವ ವ್ಯವಸ್ಥೆ ಕಟ್ಟಿದರು. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಇಂಥಲ್ಲಿ ನಮ್ಮ ಕೆಲಸದ ತೂಕ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಪಕ್ಕದಲ್ಲೇ ನಿಂತ ವೈದ್ಯರಾದರೆ ‘ಇದೇಕೆ ಇಷ್ಟು ಮೇಲಿಟ್ಟಿರಿ’ ಎಂದು ಕೇಳಿಯಾರು. ಬೆಂಗಳೂರಿನಲ್ಲಿ ಕೂತವರಿಗೆ ಸಿಂದಗಿಯ ರೋಗಿಯ ಎದೆ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೂ ಅಷ್ಟೇ. ತಪ್ಪು ಜಾಗದಿಂದ ಹೊರಟ ಗೆರೆಯನ್ನು ಅದು ಸರಿಯೆಂದೇ ನಂಬಿ ಓದುತ್ತದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇಸಿಜಿ ತಂತ್ರಜ್ಞರನ್ನೂ ಹೆಸರಿಸಿ ತನ್ನ ವೃತ್ತಿಪಟ್ಟಿಗೆ ಸೇರಿಸಿದೆ. ಈ ಕೆಲಸಕ್ಕೆ ತರಬೇತಿ ಬೇಕು, ‘ಯಾರಾದರೂ ಒಬ್ಬರು ಹೋಗಿ ತೆಗೆಯಿರಿ’ ಎನ್ನುವ ಕೆಲಸ ಇದಲ್ಲ ಎಂಬುದಕ್ಕೆ ಅಷ್ಟು ಮಾನ್ಯತೆ ಸಿಕ್ಕಿದೆ.

ಓದುಗರಿಗೂ ಕೆಲವು ಮಾತು. ಇಸಿಜಿಗೆ ಬರುವಾಗ ಹಳೆಯ ಇಸಿಜಿ ಇದ್ದರೆ ತನ್ನಿ, ಹೋಲಿಸಿ ನೋಡುವುದರಿಂದ ಎಷ್ಟೋ ಸಂಶಯ ಬಗೆಹರಿಯುತ್ತವೆ. ಆ ಕಾಗದ ಶಾಖಕ್ಕೆ ಮಾಸುವಂಥದ್ದು, ತಂದ ದಿನವೇ ಜೆರಾಕ್ಸ್ ಮಾಡಿಸಿ ಇಲ್ಲವೇ ಫೋಟೊ ತೆಗೆದಿಡಿ. ಎದೆಯ ಮೇಲೆ ಬೆರಳಿಟ್ಟು ಪಕ್ಕೆಲುಬು ಎಣಿಸುವ ತಂತ್ರಜ್ಞರು ಸಿಕ್ಕರೆ ಸಂಕೋಚಪಡಬೇಡಿ, ನೀವು ಒಳ್ಳೆಯ ಕೈಯಲ್ಲಿದ್ದೀರಿ. ಒಂದು ಇಸಿಜಿ ಚೆನ್ನಾಗಿ ಬಂದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದಾಗುವುದಿಲ್ಲ. ಅದು ಆ ಹತ್ತು ಸೆಕೆಂಡಿನ ಸಾಕ್ಷಿ ಅಷ್ಟೇ. ಎದೆ ಭಾರ, ಬೆವರು, ದವಡೆಗೋ ಎಡಗೈಗೋ ಹರಿಯುವ ನೋವು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಇಸಿಜಿ ಆದ ಮೇಲೂ ನೋವು ನಿಂತಿಲ್ಲವಾದರೆ ಎದ್ದು ಮನೆಗೆ ಹೊರಡಬೇಡಿ, ‘ಇನ್ನೊಮ್ಮೆ ತೆಗೆಯಿರಿ’ ಎಂದು ಬಾಯಿಬಿಟ್ಟು ಕೇಳಿ.